ಎಣ್ಣೆಗಾಯಿ ಕೈಕೊಟ್ಟಾಗ: ಎಳ್ಳಮಾವಾಸ್ಯೆಯ ಬುತ್ತಿಗೊಂದು ದೋಷ ನಿವಾರಣೆ ಕೈಪಿಡಿ

ಮೂರು ವರ್ಷದ ಹಿಂದೆ, ಎಳ್ಳಮಾವಾಸ್ಯೆಯ ಮಧ್ಯಾಹ್ನ. ಹಿಂಗಾರಿ ಜೋಳ ಎದೆಮಟ್ಟ ನಿಂತಿದ್ದ ನಮ್ಮ ಹೊಲದಲ್ಲಿ ಚರಗ ಚೆಲ್ಲಿ (ಭೂತಾಯಿಗೆಂದು ಎಡೆಯನ್ನು ಹೊಲದ ತುಂಬ ಎರಚಿ) ಬಂದು ಇಪ್ಪತ್ತೆರಡು ಜನ ಊಟಕ್ಕೆ ಕೂತಿದ್ದರು. ನಾನು ಬಡಿಸಿದ ಎಣ್ಣೆಗಾಯಿಯನ್ನು ಕಾಕಾ ರೊಟ್ಟಿಯ ಚೂರಿನಿಂದ ಒತ್ತಿದರು. ಕಾಯಿ ಒಡೆಯಲಿಲ್ಲ, ತಾಟಿನಿಂದ ಜಾರಿ ಕಂಬಳಿಯ ಮೇಲೆ ಉರುಳಿತು. ಯಾರೂ ಏನೂ ಅನ್ನಲಿಲ್ಲ. ಕಾಕಾ ಸುಮ್ಮನೆ ಪುಂಡಿಪಲ್ಯದ ಕಡೆ ಕೈ ಚಾಚಿದರು, ಅಷ್ಟೇ.

ಹೋಳಿಗೆ ಹರಿದರೆ ಮಡಚಿ ಬಡಿಸಬಹುದು. ಸಜ್ಜೆರೊಟ್ಟಿ ಸೀಳಿದರೆ ಅದು ಸಜ್ಜೆಯ ಗುಣ ಎಂದು ಎಲ್ಲರಿಗೂ ಗೊತ್ತು. ಎಣ್ಣೆಗಾಯಿಗೆ ಮಾತ್ರ ಇಂಥ ವಿನಾಯಿತಿ ಇಲ್ಲ. ಬುತ್ತಿ ಬಿಚ್ಚಿದಾಗ ಎಲ್ಲರ ಕಣ್ಣು ಮೊದಲು ಹೋಗುವುದು ಆ ಡಬ್ಬಿಯ ಮುಚ್ಚಳದ ಮೇಲೆ.

ಅಂದಿನಿಂದ ನಾನು ಕೆಟ್ಟ ಎಣ್ಣೆಗಾಯಿಗಳ ಲೆಕ್ಕ ಇಟ್ಟಿದ್ದೇನೆ. ನನ್ನವು, ಅಕ್ಕನವು, ಹಬ್ಬದ ಬೆಳಗ್ಗೆ ಆರು ಗಂಟೆಗೆ ಬೆಂಗಳೂರಿನಿಂದ ಫೋನ್ ಮಾಡುವ ಚಿಗವ್ವನ ಸೊಸೆಯವು. ಈ ಲೆಕ್ಕದಿಂದ ಒಂದು ಸಂಗತಿ ಸ್ಪಷ್ಟವಾಗಿದೆ. ಮೊದಲ ದೋಷದಿಂದ ಹಾಳಾದ ಎಣ್ಣೆಗಾಯಿಗಿಂತ ತಪ್ಪು ಮದ್ದಿನಿಂದ ಹಾಳಾದದ್ದೇ ಹೆಚ್ಚು. ಕಾಯಿ ಗಟ್ಟಿ ಇದೆಯೆಂದು ನೀರು ಸುರಿಯುತ್ತೇವೆ, ನೀರಾಯಿತೆಂದು ಶೇಂಗಾ ಪುಡಿ ಸೇರಿಸುತ್ತೇವೆ, ಸಪ್ಪೆಯಾಯಿತೆಂದು ಉಪ್ಪು, ಉಪ್ಪಾಯಿತೆಂದು ಹುಣಸೆ. ಕೊನೆಗೆ ಕಾಯಿ ಗಟ್ಟಿಯೇ ಇರುತ್ತದೆ, ಪಾತ್ರೆ ಮಾತ್ರ ದೊಡ್ಡದಾಗಿರುತ್ತದೆ.

ಆದ್ದರಿಂದ ಏನೇ ಆಗಿರಲಿ, ಮೊದಲು ಒಲೆ ಆರಿಸಿ. ಏನನ್ನೂ ಸೇರಿಸಬೇಡಿ. ಒಂದು ಕಾಯಿಯನ್ನು ತಾಟಿಗೆ ತೆಗೆದು, ತೊಟ್ಟಿನಿಂದ ತುದಿಯವರೆಗೆ ಸೀಳಿ ನೋಡಿ. ದೋಷ ಕಾಯಿಯದೋ, ಮಸಾಲೆಯದೋ, ಉರಿಯದೋ ಎಂಬುದು ಅಲ್ಲೇ ತಿಳಿಯುತ್ತದೆ.

ಹೋಲಿಸಿ ನೋಡಲು ನನ್ನ ಅಳತೆ ಹೇಳಿಬಿಡುತ್ತೇನೆ. ಒಂದು ಕಿಲೋ ಸಣ್ಣ ಮುಳಗಾಯಿ, ಅಂದರೆ ಬದನೆಕಾಯಿ. ಒಂದೊಂದು 40ರಿಂದ 50 ಗ್ರಾಂ ತೂಗಿದರೆ ಇಪ್ಪತ್ತರಿಂದ ಇಪ್ಪತ್ತೈದು ಬರುತ್ತವೆ. ಹುರಿದು ಸಿಪ್ಪೆ ಹಾರಿಸಿದ ಶೇಂಗಾ 150 ಗ್ರಾಂ, ಒಣಕೊಬ್ಬರಿ 50, ಎಳ್ಳು 40, ಗುರೆಳ್ಳು 20 (ಮೈಸೂರು ಕಡೆಯವರು ಹುಚ್ಚೆಳ್ಳು ಎನ್ನುವುದು ಇದನ್ನೇ), ಬೆಲ್ಲ 30, ಹುಣಸೆಹಣ್ಣು 25, ಉಪ್ಪು 20. ಎಣ್ಣೆ 150 ಮಿಲಿಲೀಟರ್. ಹೆಸರಿನಲ್ಲೇ ಎಣ್ಣೆ ಇರುವ ಪದಾರ್ಥಕ್ಕೆ ಎರಡು ಚಮಚ ಎಣ್ಣೆ ಹಾಕಿ ‘ಏಕೋ ಅವ್ವನ ಕೈರುಚಿ ಬರಲಿಲ್ಲ’ ಎನ್ನುವವರಿಗೆ ಈ ಕೈಪಿಡಿಯಿಂದ ಉಪಯೋಗವಿಲ್ಲ.

ಕಾಯಿ ಬೇಯುತ್ತಲೇ ಇಲ್ಲ

ಇದೇ ದೊಡ್ಡ ದೋಷ, ಇದರಲ್ಲೇ ತಪ್ಪು ನಿದಾನವೂ ಹೆಚ್ಚು. ಸೀಳಿದ ಕಾಯಿಯನ್ನು ಬೆರಳಿನಿಂದ ಒತ್ತುತ್ತಾ ಹೋಗಿ. ತುದಿಯ ಕಡೆ ಮೆತ್ತಗಾಗಿ ತೊಟ್ಟಿನ ಬುಡದಲ್ಲಿ ಮಾತ್ರ ಗಟ್ಟಿಯಿದ್ದರೆ ಯಾವ ದೋಷವೂ ಇಲ್ಲ, ಹೊತ್ತು ಸಾಲದು. ಮುಚ್ಚಿ ಇನ್ನೂ ಎಂಟು ಹತ್ತು ನಿಮಿಷ ಸಣ್ಣ ಉರಿಯಲ್ಲಿಡಿ. ಸಿಪ್ಪೆ ಸುಕ್ಕುಗಟ್ಟಿ ಬಣ್ಣ ಬಿಟ್ಟಿದೆ, ಒಳಗಿನ ತಿರುಳು ಮಾತ್ರ ಬೆಳ್ಳಗೆ ಸ್ಪಂಜಿನಂತಿದೆ ಎಂದಾದರೆ ಉರಿ ಜೋರಾಗಿತ್ತು. ಹಸಿ ಬದನೆಯ ತಿರುಳಿನ ತುಂಬ ಗಾಳಿಯ ಗೂಡುಗಳಿರುತ್ತವೆ. ಅವು ಕುಸಿಯುವಷ್ಟು ಶಾಖ ನಿಧಾನವಾಗಿ ಒಳಗಿಳಿಯಬೇಕು. ಅವ್ವ ಇದಕ್ಕಾಗಿಯೇ ಪಾತ್ರೆಯ ಮೇಲೆ ತಾಟು ಮುಚ್ಚಿ, ತಾಟಿನಲ್ಲಿ ಒಂದು ತಂಬಿಗೆ ನೀರು ಹಾಕುತ್ತಿದ್ದಳು. ಮೇಲಿನ ತಣ್ಣೀರಿಗೆ ತಾಗಿ ಉಗಿ ಹನಿಯಾಗಿ ಮತ್ತೆ ಕಾಯಿಯ ಮೇಲೆ ಬೀಳುತ್ತದೆ, ತಳ ಹತ್ತುವುದಿಲ್ಲ. ರಸ ತೆಳುವಾಗಿಸಬೇಕಾದಾಗ ಆ ತಾಟಿನ ಬಿಸಿ ನೀರೇ ಒದಗುತ್ತದೆ.

ಇಡೀ ಕಾಯಿ ಒಂದೇ ಸಮನೆ ಗಟ್ಟಿಯಿದ್ದರೆ? ಅರ್ಧ ಗಂಟೆ ಬೇಯಿಸಿದರೂ ಹಿಚುಕಲು ಬಾರದಿದ್ದರೆ? ನನ್ನ ಪಾಲಿಗೆ ಅಂದು ಬಂದದ್ದು ಇದೇ. ಮನೆಮಂದಿಯೆಲ್ಲ ಹೊಸ ಬೋರ್‌ವೆಲ್ ನೀರಿನ ಮೇಲೆ ತಪ್ಪು ಹೊರಿಸಿದರು. ಗಡಸು ನೀರಿನಲ್ಲಿ ಬೇಳೆ ಬೇಯುವುದಿಲ್ಲ ಎಂಬುದು ನಮ್ಮ ಕಡೆ ಮಕ್ಕಳಿಗೂ ಗೊತ್ತು. ನನಗೂ ಅದೇ ಸರಿ ಎನಿಸಿತ್ತು. ಆದರೆ ಅದೇ ನೀರಿನಲ್ಲಿ ಅಂದು ತೊಗರಿಬೇಳೆ ಚೆನ್ನಾಗಿಯೇ ಬೆಂದಿತ್ತು, ಹೋಳಿಗೆಯ ಕಟ್ಟಿನ ಸಾರು ಅದಕ್ಕೆ ಸಾಕ್ಷಿಯಾಗಿ ಪಕ್ಕದಲ್ಲೇ ಇತ್ತು.

ಮರುದಿನ ಉಳಿದ ಕಾಯಿಗಳಲ್ಲಿ ಎರಡನ್ನು ತೆಗೆದುಕೊಂಡೆ. ಒಂದರ ಮಸಾಲೆಯನ್ನೆಲ್ಲ ತೊಳೆದು, ಅದೇ ಬೋರ್‌ವೆಲ್ ನೀರಿನಲ್ಲಿ ಮುಚ್ಚಿ ಬೇಯಿಸಿದೆ. ಇನ್ನೊಂದನ್ನು ಅದರ ರಸದಲ್ಲೇ ಬೇಯಿಸಿದೆ. ಹದಿನೈದು ನಿಮಿಷಕ್ಕೆ ತೊಳೆದದ್ದು ಮೆತ್ತಗಾಯಿತು. ರಸದಲ್ಲಿದ್ದದ್ದು ಹಾಗೇ ಇತ್ತು. ತಪ್ಪು ನೀರಿನದಾಗಿರಲಿಲ್ಲ, ಕಾಯಿಯದೂ ಆಗಿರಲಿಲ್ಲ. ಹುಣಸೆಯದು.

ಪ್ರತಿವರ್ಷ ಹುಣಸೆಹಣ್ಣು ನೆನೆಸಿ ಹಿಂಡಿ, ಅರ್ಧ ಬಟ್ಟಲು ರಸ ಹಾಕುತ್ತಿದ್ದೆ. ಆ ವರ್ಷ ಗಡಿಬಿಡಿಯಲ್ಲಿ ಅಂಗಡಿಯ ಬಾಟಲಿಯ ಕಪ್ಪು ಗಟ್ಟಿ ಹುಣಸೆ ರಸ ತಂದಿದ್ದೆ. ಅದನ್ನೂ ಅದೇ ಅರ್ಧ ಬಟ್ಟಲಿನಲ್ಲಿ ಅಳೆದು ತುಂಬುವ ಮಸಾಲೆಗೆ ಕಲಸಿದೆ. ಎಷ್ಟೋ ಪಟ್ಟು ಹುಳಿ ಒಂದೇ ಸಲ ಕಾಯಿಯ ಹೊಟ್ಟೆ ಸೇರಿತು. ತರಕಾರಿಯ ಜೀವಕೋಶಗಳನ್ನು ಅಂಟಿಸಿ ಹಿಡಿದಿರುವುದು ಪೆಕ್ಟಿನ್. ಬೇಯುವುದೆಂದರೆ ಆ ಅಂಟು ಬಿಡುವುದು. ಹುಳಿ ಹೆಚ್ಚಿದ ಕಡೆ ಅಂಟು ಬಿಡಲು ಒಪ್ಪುವುದಿಲ್ಲ. ನೀರಿನ ಗಡಸುತನದಲ್ಲಿರುವ ಕ್ಯಾಲ್ಸಿಯಮ್ ಕೂಡ ಆ ಅಂಟನ್ನು ಬಿಗಿ ಮಾಡುತ್ತದೆ, ಹಾಗಾಗಿ ಬೋರ್‌ವೆಲ್ ಪೂರ್ತಿ ನಿರ್ದೋಷಿ ಎನ್ನಲಾರೆ. ಆದರೆ ಮುಖ್ಯ ಆರೋಪಿ ಅದಲ್ಲ.

ಹೀಗಾದಾಗ ನೀರು ಸುರಿದು ಕುದಿಸುತ್ತಾ ಕೂರಬೇಡಿ. ಕಾಯಿಗಳನ್ನು ಎತ್ತಿ, ಹೊರಗಿನ ರಸವನ್ನು ಪಾತ್ರೆಗೇ ಸವರಿ ಬಿಟ್ಟು, ಇಡ್ಲಿ ಪಾತ್ರೆಯಲ್ಲಿ ಹತ್ತರಿಂದ ಹದಿನೈದು ನಿಮಿಷ ಉಗಿಯಲ್ಲಿ ಬೇಯಿಸಿ. ಒಳಗಿನ ಮಸಾಲೆ ತೀರ ಹುಳಿಯಿದ್ದರೆ ಚಮಚದಿಂದ ಅದನ್ನೂ ತೆಗೆದುಬಿಡಿ. ಬೆಂದ ಮೇಲೆ ಮತ್ತೆ ತುಂಬಿದರಾಯಿತು. ಅಡುಗೆ ಸೋಡಾ ಚಿಟಿಕೆ ಹಾಕಿ ಎನ್ನುವವರಿದ್ದಾರೆ. ಕಾಯಿ ಬೇಗ ಮೆತ್ತಗಾಗುವುದು ನಿಜ. ಜೊತೆಗೆ ನೇರಳೆ ಸಿಪ್ಪೆ ನೀಲಿ ಹಸಿರಿಗೆ ತಿರುಗುತ್ತದೆ, ರುಚಿಯಲ್ಲಿ ಒಂದು ಬಗೆಯ ಜಾರಿಕೆ ಬರುತ್ತದೆ. ನಾನು ಹಾಕುವುದಿಲ್ಲ.

ಈಗ ನಾನು ತುಂಬುವ ಮಸಾಲೆಗೆ ಹುಣಸೆ ಹಾಕುವುದನ್ನೇ ಬಿಟ್ಟಿದ್ದೇನೆ. ಕಾಯಿ ಬೆಂದ ಮೇಲೆ ರಸಕ್ಕೆ ಹಾಕಿ ಒಂದು ಕುದಿ ಬರಿಸುತ್ತೇನೆ. ಒಳಗೆ ಹುಳಿ ಹಿಡಿಯುವುದಿಲ್ಲ ಎಂದು ಅಕ್ಕನ ತಕರಾರು. ಮನೆಯಿಂದ ಹೊಲಕ್ಕೆ ಹೋಗಿ, ಪೂಜೆ ಮುಗಿದು, ಊಟಕ್ಕೆ ಕೂರುವಷ್ಟರಲ್ಲಿ ಮೂರು ತಾಸಾದರೂ ಆಗುತ್ತದೆ. ಅಷ್ಟು ಹೊತ್ತು ರಸದಲ್ಲಿ ನೆನೆದ ಕಾಯಿಗೆ ಹುಳಿ ಹಿಡಿಯದೆ ಇರುವುದಿಲ್ಲ.

ಇನ್ನೊಂದು ಬಗೆಯ ಗಟ್ಟಿತನವಿದೆ. ತಿರುಳು ಬೆಂದಿದೆ, ಸಿಪ್ಪೆ ಮಾತ್ರ ಚಕ್ಕಳದಂತೆ ಬಾಯಲ್ಲಿ ಉಳಿಯುತ್ತದೆ. ಅದು ಬಲಿತ ಕಾಯಿ. ಒಲೆಯಲ್ಲಿ ಅದಕ್ಕೆ ಪರಿಹಾರವಿಲ್ಲ, ಸಂತೆಯಲ್ಲೇ ಇತ್ತು. ಎಳೆಯ ಕಾಯಿಯ ಸಿಪ್ಪೆ ಮಿರಿಮಿರಿ ಮಿಂಚುತ್ತದೆ, ಹೆಬ್ಬೆರಳಿನಿಂದ ಒತ್ತಿ ಬಿಟ್ಟರೆ ಗುಳಿ ಮತ್ತೆ ಮೇಲೇಳುತ್ತದೆ, ತೊಟ್ಟು ಹಸಿರಾಗಿರುತ್ತದೆ, ಗಾತ್ರಕ್ಕೆ ತಕ್ಕ ತೂಕವಿರುತ್ತದೆ. ಮಂಕಾದ ಸಿಪ್ಪೆ, ಹಳದಿ ಛಾಯೆ ಕಂಡರೆ ಮುಂದಿನ ಬುಟ್ಟಿಗೆ ಹೋಗಿ.

ಕಹಿ

ಕಹಿ ಎಂದು ಫೋನ್ ಬಂದರೆ ನಾನು ಕೇಳುವ ಮೊದಲ ಪ್ರಶ್ನೆ: ಕಹಿ ಯಾವಾಗ ಗೊತ್ತಾಗುತ್ತದೆ? ರಸವನ್ನು ನಾಲಿಗೆಗೆ ಹಚ್ಚಿದ ತಕ್ಷಣವೋ, ಕಾಯಿಯನ್ನು ಅಗಿದ ಮೇಲೋ?

ತಕ್ಷಣವಾದರೆ ಮಸಾಲೆ ಸೀದಿದೆ. ಎಲ್ಲವನ್ನೂ ಒಂದೇ ಬಾಣಲೆಯಲ್ಲಿ ಒಟ್ಟಿಗೆ ಹುರಿಯುವವರಿಗೆ ಇದು ಕಟ್ಟಿಟ್ಟ ಬುತ್ತಿ. ಶೇಂಗಾ ಹದವಾಗುವ ಹೊತ್ತಿಗೆ ಎಳ್ಳು ಕರಕಲಾಗಿರುತ್ತದೆ. ಗುರೆಳ್ಳು ಹುಟ್ಟಿನಿಂದಲೇ ಕಪ್ಪು, ಸೀದದ್ದು ಕಣ್ಣಿಗೆ ಕಾಣುವುದೇ ಇಲ್ಲ. ಅದನ್ನು ಕಿವಿಯಿಂದ ಹುರಿಯಬೇಕು: ಚಟಪಟ ಶುರುವಾಗಿ ಜೋರಾದ ಕೂಡಲೇ ತಣ್ಣನೆಯ ತಾಟಿಗೆ ಸುರಿಯಬೇಕು. ಬಾಣಲೆಯಲ್ಲೇ ಬಿಟ್ಟು ಒಲೆ ಆರಿಸಿದರೆ ಸಾಲದು, ಕಬ್ಬಿಣದ ಬಿಸಿ ಅದನ್ನು ಹುರಿಯುತ್ತಲೇ ಇರುತ್ತದೆ. ಯಾವುದು ಸೀದಿದೆ ಎಂದು ತಿಳಿಯಲು ಉಳಿದ ಪುಡಿಗಳನ್ನು ಬೇರೆ ಬೇರೆಯಾಗಿ ಚಿಟಿಕೆ ಬಾಯಿಗೆ ಹಾಕಿಕೊಳ್ಳಿ. ಒಟ್ಟಿಗೆ ಕುಟ್ಟಿದ್ದರೆ ಆ ದಾರಿ ಮುಚ್ಚಿದಂತೆ. ಬೆಲ್ಲ ಹಾಕಿ ಕಹಿ ಮುಚ್ಚುತ್ತೇನೆ ಎನ್ನಬೇಡಿ. ಸಿಹಿಯೂ ಕಹಿಯೂ ಎರಡೂ ಇರುವ ಎಣ್ಣೆಗಾಯಿಯನ್ನು ಯುಗಾದಿಗೂ ಯಾರೂ ತಿನ್ನುವುದಿಲ್ಲ. ರಸ ಚೆಲ್ಲಿ, ಹೊಸದಾಗಿ ಶೇಂಗಾ ಹುರಿದು ರಸ ಮಾಡಿ. ಕಾಯಿಗಳು ಉಳಿಯುತ್ತವೆ.

ಅಗಿದ ಮೇಲೆ ಬರುವ ಕಹಿ ಬೀಜದ್ದು. ಸೀಳಿದ ಕಾಯಿಯಲ್ಲಿ ಬೀಜಗಳು ಕಂದಾಗಿ ಗಟ್ಟಿಯಾಗಿದ್ದರೆ ಬಲಿತ ಕಾಯಿ ಎಂದೇ ಅರ್ಥ. ಹಸಿಯಾಗಿರುವಾಗಲೇ ಗೊತ್ತಾದರೆ ಉಪ್ಪುನೀರಿನಲ್ಲಿ ಇಪ್ಪತ್ತು ನಿಮಿಷ ಇಟ್ಟರೆ ಒಗರು ಸ್ವಲ್ಪ ತಗ್ಗುತ್ತದೆ, ಕತ್ತರಿಸಿದ ಕಡೆ ಕಪ್ಪಾಗುವುದೂ ನಿಧಾನವಾಗುತ್ತದೆ. ಬೆಂದ ಮೇಲೆ ಏನೂ ಮಾಡಲಾಗದು.

ಮೂರನೆಯದೂ ಒಂದಿದೆ, ಜನ ಅದನ್ನೂ ಕಹಿ ಎಂದೇ ಕರೆಯುತ್ತಾರೆ: ಸಾಬೂನಿನಂಥ ರುಚಿ. ಅದು ಒಣಕೊಬ್ಬರಿಯದು. ತೇವ ತಗುಲಿ ಕೆಟ್ಟ ಕೊಬ್ಬರಿಯಲ್ಲಿ ಎಣ್ಣೆ ಒಡೆದು ಲಾರಿಕ್ ಆಮ್ಲ ಬಿಡುಗಡೆಯಾಗುತ್ತದೆ. ನಾಲಿಗೆಗೆ ಸಾಬೂನು ಎನಿಸುವುದು ಅದೇ. ಗಿಟುಕನ್ನು ತುರಿಯುವ ಮುನ್ನ ಒಂದು ಚೂರು ಕಡಿದು ನೋಡುವ ಅಭ್ಯಾಸವಿಟ್ಟುಕೊಳ್ಳಿ. ಶೇಂಗಾ ಕೂಡ ಹಾಗೆಯೇ. ಬೂಷ್ಟು ಕಂಡ ಶೇಂಗಾವನ್ನು ಹುರಿದರೆ ಸರಿಹೋಗುತ್ತದೆ ಎನ್ನುವ ಉಳಿತಾಯ ಬೇಡ. ಅದರಲ್ಲಿರಬಹುದಾದ ಅಫ್ಲಾಟಾಕ್ಸಿನ್ ವಿಷ ಬಾಣಲೆಯ ಬಿಸಿಗೆ ಪೂರ್ತಿ ಹೋಗುವುದಿಲ್ಲ.

ಗಂಟಲು ಕೆರೆಯುತ್ತದೆ, ತುಟಿ ಊದಿಕೊಂಡಿದೆ ಎಂದು ಯಾರಾದರೂ ಹೇಳಿದರೆ ಅದು ಅಡುಗೆಯ ದೋಷವೆಂದು ತಳ್ಳಿಹಾಕಬೇಡಿ. ಬದನೆ, ಶೇಂಗಾ, ಎಳ್ಳು ಮೂರಕ್ಕೂ ಅಲರ್ಜಿ ಇರುವವರಿದ್ದಾರೆ. ಅವರನ್ನು ವೈದ್ಯರ ಬಳಿ ಕರೆದೊಯ್ಯಿರಿ.

ಮಸಾಲೆ ಹೊರಬಂದು ಕಾಯಿ ಖಾಲಿಯಾಗಿದೆ

ಚಾಕು ಆಳಕ್ಕೆ ಹೋಗಿದೆ. ತುದಿಯಿಂದ ತೊಟ್ಟಿನ ಕಡೆ ಅಡ್ಡ ಉದ್ದ ಎರಡು ಸೀಳು, ಮುಕ್ಕಾಲು ಭಾಗಕ್ಕೆ ನಿಲ್ಲಬೇಕು. ತೊಟ್ಟನ್ನು ತೆಗೆಯಬಾರದು, ಮುಳ್ಳು ಮಾತ್ರ ಹೆರೆಯಬೇಕು. ಆ ತೊಟ್ಟೇ ನಾಲ್ಕು ಹೋಳನ್ನು ಹಿಡಿದಿಡುವ ಕೈ. ಸೀಳಿದಾಗಲೇ ಒಳಗೆ ಹುಳುವಿನ ದಾರಿ ಇದೆಯೇ ನೋಡಿ. ಕಾಯಿಕೊರಕ ಒಳಹೊಕ್ಕ ತೂತು ಹೊರಗಿನಿಂದ ಎಷ್ಟೋ ಸಲ ಕಾಣುವುದೇ ಇಲ್ಲ. ಮಸಾಲೆಗೆ ನೀರು ಹೆಚ್ಚಾಗಿದ್ದರೂ ಹೊರಬರುತ್ತದೆ. ಮುಷ್ಟಿಯಲ್ಲಿ ಹಿಡಿದರೆ ಉಂಡೆ ನಿಲ್ಲುವಷ್ಟು ಹಸಿ ಸಾಕು. ಇಷ್ಟೆಲ್ಲ ಸರಿಯಿದ್ದೂ ಖಾಲಿಯಾದರೆ ಯಾರೋ ಸೌಟು ಆಡಿಸಿದ್ದಾರೆ. ನಮ್ಮ ಮನೆಯಲ್ಲಿ ಅದು ಯಾರೆಂದು ಎಲ್ಲರಿಗೂ ಗೊತ್ತು. ಪಾತ್ರೆಯ ಕಿವಿ ಹಿಡಿದು ಅಲುಗಿಸಬೇಕು, ತಿರುಗಿಸಬೇಕೆಂದರೆ ಒಂದೊಂದನ್ನೇ ತೊಟ್ಟು ಹಿಡಿದು ತಿರುಗಿಸಬೇಕು.

ಉಡುಪಿಯಲ್ಲಿರುವ ಗೆಳತಿಯೊಬ್ಬಳು ಮಟ್ಟು ಗುಳ್ಳದಲ್ಲಿ ಎಣ್ಣೆಗಾಯಿ ಮಾಡಲು ಹೋಗಿ ಪಾತ್ರೆಯ ತುಂಬ ಗೊಜ್ಜು ಮಾಡಿಕೊಂಡಿದ್ದಳು. 2011ರಲ್ಲಿ ಜಿಐ (ಭೌಗೋಳಿಕ ಸೂಚಕ) ಮಾನ್ಯತೆ ಪಡೆದ, ಆ ಕಡೆಯ ಬದನೆಕಾಯಿ ಅದು, ಹುಳಿಗೆ ಹಾಕಿದರೆ ಅದಕ್ಕೆ ಸಾಟಿಯಿಲ್ಲ. ಆದರೆ ಸಿಪ್ಪೆ ತೆಳು, ಗಾತ್ರ ದೊಡ್ಡದು. ತುಂಬಿಸಿ ಮಾಡಲು ಸಣ್ಣ ಮುಳ್ಳುಬದನೆಯೇ ಆಗಬೇಕು.

ರಸದ ಮೇಲೆ ಎಣ್ಣೆ ತೇಲುತ್ತಿಲ್ಲ, ಹಸಿ ವಾಸನೆ

ನೀರು ಇನ್ನೂ ಆರಿಲ್ಲ. ಮಸಾಲೆಯ ನೀರು ಆರುವವರೆಗೆ ಶೇಂಗಾ, ಎಳ್ಳು, ಕೊಬ್ಬರಿ ತಮ್ಮ ಎಣ್ಣೆಯನ್ನು ಬಿಟ್ಟುಕೊಡುವುದಿಲ್ಲ. ಇಲ್ಲಿ ಎಣ್ಣೆ ಸುರಿಯುವುದು ತಪ್ಪು ಮದ್ದು. ಮುಚ್ಚಳ ತೆಗೆದು ಸಣ್ಣ ಉರಿಯಲ್ಲಿ ಹತ್ತು ನಿಮಿಷ ಬಿಡಿ, ಅಂಚಿನಲ್ಲಿ ಕೆಂಪು ಎಣ್ಣೆಯ ಗೆರೆ ಕಾಣಿಸುತ್ತದೆ. ಕಂಡರೂ ಅದು ಕೆಂಪಗಿಲ್ಲ, ಮಂಕಾಗಿದೆ ಎಂದರೆ ಖಾರದ ಪುಡಿಯನ್ನು ನೀರಿಗೆ ಹಾಕಿದ್ದೀರಿ. ಬ್ಯಾಡಗಿ ಮೆಣಸಿನಕಾಯಿಯ ಬಣ್ಣ ಕರಗುವುದು ಎಣ್ಣೆಯಲ್ಲಿ. ಒಗ್ಗರಣೆಯ ಎಣ್ಣೆ ಸ್ವಲ್ಪ ಆರಿದ ಮೇಲೆ ಪುಡಿ ಹಾಕಿ, ತಕ್ಷಣ ಪಾತ್ರೆಗೆ ಸುರಿಯಿರಿ. ಕಾದ ಎಣ್ಣೆಗೆ ಹಾಕಿದರೆ ಕಪ್ಪಾಗಿ ಮತ್ತೆ ಕಹಿಯ ಪ್ರಕರಣಕ್ಕೆ ಬಂದು ನಿಲ್ಲುತ್ತೀರಿ.

ಉಪ್ಪು ಹೆಚ್ಚಾದಾಗ ಆಲೂಗಡ್ಡೆ ಹಾಕಿದರೆ ಅದು ಉಪ್ಪನ್ನು ಹೀರುತ್ತದೆ ಎನ್ನುತ್ತಾರೆ. ಆಲೂಗಡ್ಡೆ ಹೀರುವುದು ಉಪ್ಪುನೀರನ್ನು. ಉಳಿದ ರಸ ಅಷ್ಟೇ ಉಪ್ಪಾಗಿರುತ್ತದೆ. ಉಪ್ಪಿಲ್ಲದ ಶೇಂಗಾ ಪುಡಿ, ಬಿಸಿ ನೀರು ಸೇರಿಸಿ ರಸವನ್ನು ಹೆಚ್ಚಿಸುವುದೊಂದೇ ದಾರಿ. ಕಾಯಿಯನ್ನು ಉಪ್ಪುನೀರಿನಲ್ಲಿ ನೆನೆಸಿಟ್ಟಿದ್ದು ಮರೆತು ಮಸಾಲೆಗೆ ಪೂರ್ತಿ ಉಪ್ಪು ಹಾಕುವುದರಿಂದ ಇದು ಆಗುತ್ತದೆ.

ತಳ ಹತ್ತಿದ ವಾಸನೆ ಬಂದರೆ ಕೆರೆಯಬೇಡಿ. ಮೇಲಿನದನ್ನಷ್ಟೇ ಬೇರೆ ಪಾತ್ರೆಗೆ ಎತ್ತಿಕೊಳ್ಳಿ, ತಳಕ್ಕೆ ಅಂಟಿದ್ದು ಅಲ್ಲೇ ಇರಲಿ. ಕೆರೆದರೆ ವಾಸನೆ ಎಲ್ಲಕ್ಕೂ ಹರಡುತ್ತದೆ.

ಮನೆಯಲ್ಲಿ ಸರಿಯಿತ್ತು, ಹೊಲದಲ್ಲಿ ಕೆಟ್ಟಿತು

ಹಬ್ಬದ ಬುತ್ತಿಗೆ ಮಾತ್ರ ಬರುವ ದೋಷ ಇದು. ಬೆಳಗ್ಗೆ ಎಂಟಕ್ಕೆ ರುಚಿ ನೋಡಿದಾಗ ಎಲ್ಲ ಹದವಾಗಿತ್ತು. ಮಧ್ಯಾಹ್ನ ಒಂದಕ್ಕೆ ಮುಚ್ಚಳ ತೆಗೆದರೆ ಕಾಯಿ ಕರಗಿ ಮುದ್ದೆಯಾಗಿದೆ, ಅಥವಾ ರಸ ಹೆಪ್ಪುಗಟ್ಟಿ ಸೌಟು ನೆಟ್ಟಗೆ ನಿಂತಿದೆ. ಎಷ್ಟೋ ಸಲ ಎರಡೂ.

ಕಾಯಿ ಕರಗುವುದಕ್ಕೆ ಕಾರಣ ಡಬ್ಬಿ. ಕುದಿಯುತ್ತಿರುವುದನ್ನೇ ತುಂಬಿ, ಮುಚ್ಚಳ ಬಿಗಿದು, ಬಟ್ಟೆಯಲ್ಲಿ ಸುತ್ತಿ ಬುಟ್ಟಿಯಲ್ಲಿಟ್ಟರೆ ಅದು ಎರಡು ತಾಸು ಒಳಗೇ ಬೇಯುತ್ತದೆ. ತುಂಬ ಜನಕ್ಕೆ ಮಾಡಿದಷ್ಟೂ ಬಿಸಿ ಹೆಚ್ಚು ಹೊತ್ತು ನಿಲ್ಲುತ್ತದೆ, ಆದ್ದರಿಂದ ನಾಲ್ಕು ಜನಕ್ಕೆ ಮಾಡಿದಾಗ ಕಾಣದ ದೋಷ ಇಪ್ಪತ್ತು ಜನಕ್ಕೆ ಮಾಡಿದಾಗ ಕಾಣುತ್ತದೆ. ತೊಟ್ಟಿನ ಬುಡ ಇನ್ನೂ ಸ್ವಲ್ಪ ಬಿಗಿಯಿರುವಾಗಲೇ ಇಳಿಸಿ, ಅಗಲ ಪಾತ್ರೆಯಲ್ಲಿ ಮುಚ್ಚಳ ತೆಗೆದು ಅರ್ಧ ಗಂಟೆ ಬಿಟ್ಟು, ಆಮೇಲೆ ಡಬ್ಬಿಗೆ ಹಾಕಿ. ಕುಕ್ಕರಿನಲ್ಲಿ ಮಾಡಿದ್ದರೆ ಈ ಮಾತೇ ಬರುವುದಿಲ್ಲ, ಅಲ್ಲೇ ಕರಗಿರುತ್ತದೆ.

ರಸ ಗಟ್ಟಿಯಾಗುವುದು ಶೇಂಗಾ ಪುಡಿಯ ಗುಣ. ಅದು ನೀರು ಕುಡಿಯುತ್ತಲೇ ಇರುತ್ತದೆ. ಮನೆಯಲ್ಲಿ ಹದ ಎನಿಸಿದ ರಸ ಹೊಲದಲ್ಲಿ ಚಟ್ನಿಯಾಗುತ್ತದೆ. ಇಳಿಸುವಾಗ ಸೌಟಿನಿಂದ ಸುರಿದರೆ ಧಾರೆ ಕಡಿಯದಷ್ಟು ತೆಳುವಿರಲಿ, ನೋಡಿದವರು ನೀರಾಯಿತು ಎಂದರೂ ಕಿವಿಗೊಡಬೇಡಿ. ಜೊತೆಗೆ ಒಂದು ಫ್ಲಾಸ್ಕಿನಲ್ಲಿ ಚೂರು ಉಪ್ಪು ಹಾಕಿದ ಬಿಸಿ ನೀರು ಒಯ್ಯಿರಿ. ಬಡಿಸುವ ಮುನ್ನ ಅದನ್ನು ಡಬ್ಬಿಯ ಅಂಚಿನಿಂದ ಬಿಟ್ಟು, ಡಬ್ಬಿಯನ್ನು ಮೆಲ್ಲಗೆ ಅಲುಗಿಸಿ. ನಡುವೆ ಸುರಿದರೆ ಮೇಲೆ ನಿಂತ ಕೆಂಪು ಎಣ್ಣೆ ಒಡೆದು ಕಳೆಗುಂದುತ್ತದೆ.

ಕಳೆದ ವರ್ಷ ಇದನ್ನೆಲ್ಲ ಪಾಲಿಸಿದೆ. ಐದು ಕಲ್ಲಿಟ್ಟು ಪಾಂಡವರ ಪೂಜೆ ಮುಗಿಸಿ, ಚರಗ ಚೆಲ್ಲಿ ಕೂತ ಮೇಲೆ ಮೊದಲ ಕಾಯಿಯನ್ನು ಕಾಕಾನ ತಾಟಿಗೇ ಹಾಕಿದೆ. ಅವರು ಸಜ್ಜೆರೊಟ್ಟಿಯ ಚೂರಿನಿಂದ ಒತ್ತಿದರು. ಕಾಯಿ ಬೆಣ್ಣೆಯಂತೆ ಹರಡಿಕೊಂಡಿತು. ಒಂದು ತುತ್ತು ತಿಂದು, ಎರಡನೆಯದು ತಿಂದು, ‘ಖಾರ ಒಂಚೂರು ಸಾಲದು’ ಎಂದರು. ಈ ವರ್ಷ ಬುತ್ತಿಯ ಜೊತೆ ಕೆಂಪುಖಾರದ ಭರಣಿಯನ್ನೂ ಕಟ್ಟುವವಳಿದ್ದೇನೆ.